ತವರಿಗೆ ಬಂದ ದೊಡ್ಡ ಮೀನು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ತಿಮಿಂಗಿಲ ಶಾರ್ಕ್ ಬಗ್ಗೆ. ಹೆಸರಲ್ಲೇ ಒಂದು ಗೊಂದಲ ಇದೆ, ಮೊದಲು ಅದನ್ನು ಬಿಡಿಸಿಬಿಡೋಣ. ಇದು ತಿಮಿಂಗಿಲ ಅಲ್ಲ, ಮೀನು. ಕಿವಿರಿನಲ್ಲಿ ಉಸಿರಾಡುತ್ತದೆ, ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ತಿಮಿಂಗಿಲವಾದರೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ, ಉಸಿರು ತೆಗೆದುಕೊಳ್ಳಲು ನೀರಿನ ಮೇಲೆ ಬರಲೇಬೇಕು. ನಮ್ಮ ಕರಾವಳಿಯವರು ತಾಟೆ ಅಂತಾರಲ್ಲ, ಆ ಬಳಗದ್ದೇ ಇದು. ಗಾತ್ರ ಮಾತ್ರ ತಿಮಿಂಗಿಲದಂತೆ. ಈಗ ಬದುಕಿರುವ ಮೀನುಗಳಲ್ಲೆಲ್ಲ ಇದೇ ದೊಡ್ಡದು. ನಮ್ಮ ಊರುಗಳಿಗೆ ಬರುವ ಕೆಂಪು ಬಸ್ಸು ಸುಮಾರು 11 ಮೀಟರ್ ಉದ್ದ ಇರುತ್ತದೆ. ಚೆನ್ನಾಗಿ ಬೆಳೆದ ತಿಮಿಂಗಿಲ ಶಾರ್ಕ್ ಅದಕ್ಕಿಂತ ಉದ್ದ.

ಇಷ್ಟು ದೊಡ್ಡ ಪ್ರಾಣಿ ಏನು ತಿನ್ನುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಉತ್ತರ ಕೇಳಿದರೆ ನಂಬುವುದಿಲ್ಲ. ಸಾಸಿವೆಯಷ್ಟು ಸಣ್ಣ ಜೀವಿಗಳು, ಸಿಗಡಿ ಜಾತಿಯ ಚೂರುಗಳು, ಮೀನಿನ ಮೊಟ್ಟೆಗಳು, ಸಿಕ್ಕಿದರೆ ಸಣ್ಣ ಮೀನುಗಳು. ಬಾಯಿ ಒಂದು ಮೀಟರಿಗೂ ಅಗಲ. ಅದರೊಳಗೆ ಸಾವಿರಾರು ಪುಟ್ಟ ಹಲ್ಲುಗಳಿವೆ. ಆದರೆ ಅದು ಕಚ್ಚುವುದೂ ಇಲ್ಲ, ಅಗಿಯುವುದೂ ಇಲ್ಲ. ಇದರ ಊಟ ಏನಿದ್ದರೂ ಸೋಸುವುದು.

ಈ ಸೋಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ನನಗೆ ಇದು ತುಂಬಾ ಇಷ್ಟದ ಭಾಗ. ಮನೆಯಲ್ಲಿ ಟೀ ಸೋಸುವಾಗ ಏನಾಗುತ್ತದೆ? ಚರಟ ಜಾಲರಿಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಟೀ ಇಳಿಯುವುದೇ ಇಲ್ಲ. ಈ ಮೀನಿನ ಬಾಯಲ್ಲಿ 20 ಸೋಸುವ ಪದರಗಳಿವೆ. ಅವುಗಳ ತೂತು ಸುಮಾರು 1.2 ಮಿಲಿಮೀಟರ್. ನೀರು ನೇರವಾಗಿ ಜಾಲರಿಗೆ ಬಂದು ಬಡಿಯುವುದಿಲ್ಲ, ಅದರ ಮೇಲೆ ಸವರಿಕೊಂಡು ಹೋಗುತ್ತದೆ. ನೀರು ಪಕ್ಕದಿಂದ ಇಳಿದು ಕಿವಿರಿನ ಮೂಲಕ ಹೊರಗೆ ಹೋಗುತ್ತದೆ, ಆಹಾರ ಮುಂದಕ್ಕೆ ಜಾರಿ ಗಂಟಲ ಹತ್ತಿರ ಉಂಡೆ ಕಟ್ಟುತ್ತದೆ. ಹಾಗಾಗಿ ತೂತಿಗಿಂತ ಸಣ್ಣ ಚೂರೂ ಸಿಕ್ಕಿಬೀಳುತ್ತದೆ, ಜಾಲರಿಯೂ ಬೇಗ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಂಡರೆ? ಒಮ್ಮೆ ಜೋರಾಗಿ ಕೆಮ್ಮುತ್ತದೆ. ನೀರು ಹಿಂದಕ್ಕೆ ನುಗ್ಗಿ ಎಲ್ಲ ತೊಳೆದುಹೋಗುತ್ತದೆ.

ಮೆಕ್ಸಿಕೋದ ಯುಕಾಟಾನ್ ಕಡಲಲ್ಲಿ ವಿಜ್ಞಾನಿಗಳು ಇದರ ಲೆಕ್ಕ ಹಾಕಿದ್ದಾರೆ. ಆರು ಮೀಟರ್ ಚಿಲ್ಲರೆ ಉದ್ದದ, ಅಂದರೆ ಇನ್ನೂ ಎಳೆಯ ಮೀನು, ಗಂಟೆಗೆ ಸುಮಾರು 6 ಲಕ್ಷ ಲೀಟರ್ ನೀರು ಸೋಸುತ್ತದೆ. ಬೆಂಗಳೂರಲ್ಲಿ ಬೇಸಿಗೆ ಕಂಡವರಿಗೆ 6,000 ಲೀಟರಿನ ಟ್ಯಾಂಕರ್ ಗೊತ್ತು. ಅಂಥ ನೂರು ಟ್ಯಾಂಕರ್, ಒಂದೇ ಗಂಟೆಯಲ್ಲಿ.

ಆಹಾರ ಒಂದೇ ಕಡೆ ದಟ್ಟವಾಗಿದ್ದರೆ ಈಜುವುದನ್ನೂ ನಿಲ್ಲಿಸಿಬಿಡುತ್ತದೆ. ತಲೆ ಮೇಲೆ, ಬಾಲ ಕೆಳಗೆ ಮಾಡಿ ನೀರಲ್ಲಿ ನೆಟ್ಟಗೆ ನಿಲ್ಲುತ್ತದೆ. ಕೊಡ ಮುಳುಗಿಸಿದಾಗ ನೀರು ಗುಳುಗುಳು ಅಂತ ಒಳಗೆ ನುಗ್ಗುತ್ತದಲ್ಲ, ಹಾಗೆ ಬಾಯಿ ತೆರೆದು ಎಳೆದುಕೊಳ್ಳುತ್ತದೆ. ಆಹಾರ ಎಲ್ಲಿ, ಯಾವ ತಿಂಗಳಲ್ಲಿ ಸಿಗುತ್ತದೆ ಅನ್ನುವುದು ಇದಕ್ಕೆ ಚೆನ್ನಾಗಿ ಗೊತ್ತು. ಆಸ್ಟ್ರೇಲಿಯಾದ ನಿಂಗಲೂ ಕಡಲಲ್ಲಿ ಹವಳಗಳು ಮೊಟ್ಟೆ ಬಿಡುವ ಹೊತ್ತಿಗೆ, ಮಾರ್ಚ್ ಸುಮಾರಿಗೆ, ಸರಿಯಾಗಿ ಬಂದು ಸೇರುತ್ತವೆ. ಹೀಗೆ ದಡದ ಹತ್ತಿರ ಸೇರುವವುಗಳಲ್ಲಿ ಎಳೆಯ ಗಂಡುಗಳೇ ಜಾಸ್ತಿ.

ಮೈಮೇಲಿನ ಬಿಳಿ ಚುಕ್ಕೆಗಳ ವಿಷಯವನ್ನೂ ಹೇಳಬೇಕು. ಒಂದರ ಚುಕ್ಕೆ ಇನ್ನೊಂದಕ್ಕೆ ಇಲ್ಲ, ನಮ್ಮ ಬೆರಳಚ್ಚಿನ ಹಾಗೆ. ಮಡಗಾಸ್ಕರಿನ ಜನ ಇದನ್ನು 'ಮರೊಕಿಂತಾನ' ಅಂತ ಕರೆಯುತ್ತಾರೆ, ಅಂದರೆ ತುಂಬಾ ನಕ್ಷತ್ರಗಳಿರುವುದು. ಆಕಾಶದ ಫೋಟೋಗಳಲ್ಲಿ ನಕ್ಷತ್ರಗಳನ್ನು ಹೊಂದಿಸಿ ನೋಡಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಲೆಕ್ಕವನ್ನೇ ತಂದು ಈ ಮೀನುಗಳನ್ನು ಗುರುತಿಸುವ ವಿಧಾನ ಮಾಡಿದರು. ಆ ಕೆಲಸ 2005ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಇಟ್ಟ ಹೆಸರು ಎಷ್ಟು ಸರಿಯಾಗಿತ್ತು ನೋಡಿ.

ಕಣ್ಣಿಗೆ ರೆಪ್ಪೆ ಇಲ್ಲ. ಆದರೆ ಕಣ್ಣುಗುಡ್ಡೆಯ ಮೇಲೇ ಹಲ್ಲಿನಂಥ ಪುಟ್ಟಪುಟ್ಟ ಹುರುಪೆಗಳಿವೆ. 2020ರಲ್ಲಿ ಜಪಾನಿನವರು ಇದನ್ನು ತೋರಿಸಿಕೊಟ್ಟರು. ಏನಾದರೂ ಹತ್ತಿರ ಬಂದರೆ ಕಣ್ಣನ್ನು ಒಳಕ್ಕೆ ಎಳೆದುಕೊಳ್ಳಲೂ ಬರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಈ ಮೀನು ತಾಯಿಯಾಗುವುದು ಬಹಳ ನಿಧಾನ.

ತಿಮಿಂಗಿಲ ಶಾರ್ಕ್ ಹೆರುವುದನ್ನು ಇಂದಿಗೂ ಯಾರೂ ಕಣ್ಣಾರೆ ಕಂಡಿಲ್ಲ. ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಒಬ್ಬ ತಾಯಿಯಿಂದ ಬಂದದ್ದು. 1995ರಲ್ಲಿ ತೈವಾನಿನಲ್ಲಿ ಬೇಟೆಗಾರರು 10.6 ಮೀಟರಿನ ಒಂದು ಹೆಣ್ಣನ್ನು ಹೊಡೆದು ತಂದರು. ಹೊಟ್ಟೆಯಲ್ಲಿ ಸುಮಾರು 300 ಮರಿಗಳು. ಕೆಲವು ಇನ್ನೂ ಮೊಟ್ಟೆಯ ಕೋಶದೊಳಗೇ ಇದ್ದವು, ಕೆಲವು ಹೊರಬರಲು ತಯಾರಾಗಿದ್ದವು. ಅಂದರೆ ಮೊಟ್ಟೆ ಒಡೆಯುವುದು ತಾಯಿಯ ಹೊಟ್ಟೆಯಲ್ಲೇ. ಮುಂದೆ ಆ ಪೈಕಿ 29 ಮರಿಗಳ ಡಿಎನ್‌ಎ ನೋಡಿದಾಗ ಎಲ್ಲಕ್ಕೂ ತಂದೆ ಒಬ್ಬನೇ. ತಾಯಿ ಒಮ್ಮೆ ಕೂಡಿ, ಗಂಡಿನ ವೀರ್ಯವನ್ನು ಕಾಪಿಟ್ಟುಕೊಂಡು, ಹಂತಹಂತವಾಗಿ ಮರಿ ಮಾಡುತ್ತಾಳೆ ಅಂತ ವಿಜ್ಞಾನಿಗಳು ಊಹಿಸುತ್ತಾರೆ. ಮುನ್ನೂರು ಮರಿ ಅಂದರೆ ಬೇಕಾದಷ್ಟಾಯಿತು ಅನಿಸಬಹುದು, ಅಲ್ವಾ? ಆದರೆ ಹುಟ್ಟುವಾಗ ಆ ಮರಿಗಳು ಹೆಚ್ಚೆಂದರೆ ಸುಮಾರು ಎರಡು ಅಡಿ ಅಷ್ಟೇ. ದೊಡ್ಡ ಮೀನುಗಳ ಹೊಟ್ಟೆಯಲ್ಲೂ ಇವು ಸಿಕ್ಕಿವೆ. ಉಳಿದುಕೊಂಡದ್ದು ಪ್ರಾಯಕ್ಕೆ ಬರಲು 25-30 ವರ್ಷ ಬೇಕು.

ವಯಸ್ಸು ಹೇಗೆ ಗೊತ್ತಾಯಿತು ಅಂದರೆ, ಬೆನ್ನುಮೂಳೆಯಲ್ಲಿ ಮರದ ಹಾಗೆ ಬಳೆಗಳಿರುತ್ತವೆ. ವರ್ಷಕ್ಕೆ ಒಂದು ಬಳೆಯೋ ಎರಡೋ ಅನ್ನುವ ಜಗಳ ತುಂಬಾ ದಿನ ಇತ್ತು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಹರಡಿದ ಕಾರ್ಬನ್-14 ಆ ಬಳೆಗಳಲ್ಲೂ ಸೇರಿಕೊಂಡಿತ್ತು. ಅದನ್ನು ಅಳೆದು 2020ರಲ್ಲಿ ವರ್ಷಕ್ಕೆ ಒಂದೇ ಅಂತ ಹೇಳಿದರು. ಪಾಕಿಸ್ತಾನದಲ್ಲಿ ಕಾದಿಟ್ಟಿದ್ದ ಒಂದು ಮೀನಿಗೆ, ಸತ್ತಾಗ, ಸುಮಾರು 50 ವರ್ಷ. ನಮ್ಮ ಅರಬ್ಬಿ ಸಮುದ್ರದ್ದೇ ಮೀನು ಅದು.

ಐವತ್ತು ವರ್ಷದ ಜೀವವನ್ನು ಒಂದು ಬೆಳಗ್ಗೆ ಕೊಂದರೆ, ಆ ಜಾಗ ತುಂಬಲು ಇನ್ನೊಂದು ಐವತ್ತು ವರ್ಷ ಬೇಕು. ಗುಜರಾತಿನಲ್ಲಿ ಆಗುತ್ತಿದ್ದದ್ದು ಇದೇ. ವೆರಾವಲ್, ಮಾಂಗ್ರೋಳ್, ಸುತ್ರಾಪಾಡಾ ಕಡೆ 1990ರ ದಶಕದಲ್ಲಿ ನೂರಾರು ಮೀನುಗಳನ್ನು ಹೊಡೆದರು. ಶಾರ್ಕಿಗೆ ಗಾಳಿಚೀಲ ಇರುವುದಿಲ್ಲ, ಎಣ್ಣೆ ತುಂಬಿದ ದೊಡ್ಡ ಈಲಿಯೇ ಅದನ್ನು ಹಗುರ ಮಾಡುತ್ತದೆ. ಮೀನು ಮುಳುಗದಂತೆ ಇದ್ದ ಆ ಎಣ್ಣೆಯನ್ನೇ ತೆಗೆದು, ದೋಣಿಗೆ ನೀರು ಇಳಿಯದಂತೆ ಹಲಗೆಗೆ ಬಳಿಯುತ್ತಿದ್ದರು. ಮಾಂಸ ಹೊರದೇಶಕ್ಕೆ ಹೋಗುತ್ತಿತ್ತು. ಈ ಮೀನು ಆಳಕ್ಕೆ ಇಳಿಯುವುದರಲ್ಲಿ ಗಟ್ಟಿಗ, 1,900 ಮೀಟರಿಗೂ ಕೆಳಗೆ ಹೋದ ದಾಖಲೆ ಇದೆ. ಅದು ಹಾಗೆ ಮುಳುಗಬಾರದು ಅಂತ ಕೊಕ್ಕೆಯ ಹಗ್ಗಕ್ಕೆ ಖಾಲಿ ಬ್ಯಾರೆಲ್ ಕಟ್ಟುತ್ತಿದ್ದರು. ಅದರಿಂದ ಮೀನಿನ ಹೆಸರೇ 'ಬ್ಯಾರೆಲ್' ಆಗಿಹೋಯಿತು.

2001ರ ಮೇನಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಗೆ, ಇದು ಸೇರಿತು. ಅಂಥ ರಕ್ಷಣೆ ಸಿಕ್ಕ ನಮ್ಮ ದೇಶದ ಮೊದಲ ಮೀನು ಇದು. ಆದರೆ ಕಡಲಲ್ಲಿ ಕಾನೂನು ಯಾರು ನೋಡಲು ಹೋಗುತ್ತಾರೆ? 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಅರಣ್ಯ ಇಲಾಖೆ ಎಲ್ಲ ಸೇರಿ ಒಂದು ಅಭಿಯಾನ ಶುರು ಮಾಡಿದರು. ಕಥೆ ಹೇಳುವ ಮೊರಾರಿ ಬಾಪು ಮೀನುಗಾರರಿಗೆ ಹೇಳಿದ್ದು ಇಷ್ಟು: ಹೆರಿಗೆಗೆ ತವರಿಗೆ ಬಂದ ಮಗಳು ಇವಳು. ಹೆಸರು 'ವ್ಹಾಲಿ', ಅಂದರೆ ಮುದ್ದಿನವಳು. ನಮ್ಮಲ್ಲೂ ಚೊಚ್ಚಲ ಬಾಣಂತನ ತವರಲ್ಲೇ ಅಲ್ವಾ? ಈ ಮಾತು ಯಾಕೆ ನಾಟಿತು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಲೆಗೆ ಸಿಕ್ಕ ಮೀನನ್ನು ಬಿಡಿಸಲು ಅವರು ತಮ್ಮ ಬಲೆಯನ್ನೇ ಕುಯ್ಯತೊಡಗಿದರು. ಬಲೆ ಅಂದರೆ ಅವರ ಗದ್ದೆ ಇದ್ದ ಹಾಗೆ, ಸುಮ್ನೆ ಕುಯ್ಯುವ ವಸ್ತು ಅಲ್ಲ. ಮೀನು ಬಿಟ್ಟ ಫೋಟೋ ತೋರಿಸಿದರೆ ಬಲೆಗೆ ಪರಿಹಾರ ಕೊಡುವ ಏರ್ಪಾಡು ಆಯಿತು. ಇಲ್ಲಿಯವರೆಗೆ 900ಕ್ಕೂ ಹೆಚ್ಚು ಮೀನುಗಳು ಹೀಗೆ ಕಡಲಿಗೆ ಮರಳಿವೆ. ಈಗ ಈ ಕೆಲಸ ಕೇರಳ, ಲಕ್ಷದ್ವೀಪ, ನಮ್ಮ ಕರ್ನಾಟಕದ ಕರಾವಳಿಗೂ ಬಂದಿದೆ.

ನಿಮ್ಮಲ್ಲಿ ಯಾರಾದರೂ ಕಡಲಿಗೆ ಹೋಗುವವರಿದ್ದರೆ ಒಂದು ಮಾತು. ಬಲೆಯಲ್ಲಿ ಸಿಕ್ಕ ಮೀನಿನ ಬಾಲಕ್ಕೆ ಹಗ್ಗ ಕಟ್ಟಿ ದಡಕ್ಕೆ ಎಳೆಯಬೇಡಿ. ಅದು ನೀರಲ್ಲೇ ಇರಲಿ, ಪಕ್ಕದಿಂದ ಬಲೆ ಕುಯ್ಯಿರಿ. ಸಾಧ್ಯವಾದರೆ ಕಿವಿರಿನ ಹಿಂದೆ, ಎಡಗಡೆಯ ಚುಕ್ಕೆಗಳು ಕಾಣುವಂತೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲೋ ಸಿಕ್ಕಾಗ ಅವಳೇ ಇವಳು ಅಂತ ಗೊತ್ತಾಗುವುದು ಅದರಿಂದಲೇ.