ನಾಮಿನಿ ಕಾಲಂ ಖಾಲಿ ಬಿಟ್ಟವರು

(ಕೋಲಾರದಲ್ಲಿ ಮಾಜಿ ಸೈನಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ವೇದಿಕೆ ಮೇಲಿರುವ ಹಿರಿಯರೇ, ಕೆಜಿಎಫ್, ಬಂಗಾರಪೇಟೆ, ಮಾಲೂರು, ಮುಳಬಾಗಿಲು ಕಡೆಯಿಂದ ಬಂದಿರುವ ಮಾಜಿ ಸೈನಿಕ ಮಿತ್ರರೇ, ಅಕ್ಕಂದಿರೇ, ಕಾಲೇಜು ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಪರವಾಗಿಲ್ಲ. ಸೇನೆಯಲ್ಲಿ ದುಡಿದು ಬಂದ ಸಲಿಂಗಿಗಳ ಬಗ್ಗೆ, ಟ್ರಾನ್ಸ್‌ಜೆಂಡರ್‌ಗಳ ಬಗ್ಗೆ ನಮ್ಮ ಸಭೆಗಳಲ್ಲಿ ಮಾತೇ ಬರುವುದಿಲ್ಲ. ಪಿಂಚಣಿ, ಕ್ಯಾಂಟೀನ್ ಕಾರ್ಡು, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಔಷಧಿ, ಇಷ್ಟರಲ್ಲೇ ಹೊತ್ತು ಹೋಗುತ್ತದೆ. ಅವರೂ ನಮ್ಮ ಜೊತೆ ಗಸ್ತು ತಿರುಗಿದವರು. ಬಡಾಖಾನಾದಲ್ಲಿ, ಅಂದರೆ ಯೂನಿಟ್ಟಿನ ಸಾಮೂಹಿಕ ಊಟದಲ್ಲಿ, ನಮ್ಮ ಪಕ್ಕದಲ್ಲೇ ಕೂತು ಉಂಡವರು. ನಿವೃತ್ತಿಯಾದ ಮೇಲೆ ಅವರು ನಮ್ಮ ಸಂಘಗಳಿಗೆ ಯಾಕೆ ಬರುವುದಿಲ್ಲ? ನಾನು ಕೇಳಲು ಬಂದಿರುವುದು ಇದೊಂದೇ.

ನಾನು ಕ್ಲರ್ಕ್ ಟ್ರೇಡಿನಲ್ಲಿದ್ದು ಸುಬೇದಾರ್ ಆಗಿ ನಿವೃತ್ತನಾದವನು. ಮದುವೆಯಾದರೆ ಪಾರ್ಟ್ ಟೂ ಆರ್ಡರ್, ಮಗು ಹುಟ್ಟಿದರೆ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ದಾಖಲೆಗೆ ಸೇರುವ ಅಧಿಕೃತ ಆದೇಶ. ಅದರಲ್ಲಿ ಹೆಸರು ತಪ್ಪಿಹೋದರೆ ಫ್ಯಾಮಿಲಿ ಪಿಂಚಣಿಗೆ ಎಷ್ಟು ಅಲೆಯಬೇಕು ಅಂತ ಇಲ್ಲಿರುವ ಅಕ್ಕಂದಿರಿಗೆ ಗೊತ್ತು. ನಮ್ಮ ಯೂನಿಟ್ಟಿನಲ್ಲಿ ಒಬ್ಬ ಹವಾಲ್ದಾರ್ ಇದ್ದ. ಫಾರಂ ತುಂಬುವಾಗ ನಾಮಿನಿ ಕಾಲಂ ಬಂತೆಂದರೆ ಅವನ ಪೆನ್ನು ನಿಂತುಬಿಡುತ್ತಿತ್ತು. ತಂದೆ ತಾಯಿ ತೀರಿಕೊಂಡಿದ್ದರು. 'ಸದ್ಯಕ್ಕೆ ಖಾಲಿ ಇರಲಿ ಸಾಬ್' ಅನ್ನುತ್ತಿದ್ದ. ಅವನಿಗೆ ಯಾರೂ ಇರಲಿಲ್ಲ ಅಂತಲ್ಲ. ಪ್ರತಿ ರಜೆಯಲ್ಲೂ ಅವನ ದಾರಿ ಕಾಯುವ ಒಬ್ಬ ಗೆಳೆಯನಿದ್ದ. ಹೆಸರು ಬರೆದರೆ ಪಕ್ಕದಲ್ಲಿ 'ಸಂಬಂಧ' ಅಂತ ಇನ್ನೊಂದು ಕಾಲಂ ಇರುತ್ತದಲ್ಲ, ಅಲ್ಲಿ ಏನು ಬರೆಯಬೇಕು?

ಬೇರೆ ದೇಶಗಳಲ್ಲೂ ಹೀಗೇ ಇತ್ತು. ಬ್ರಿಟನ್ನಿನ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಸೇನೆಯ ಕಾನೂನು, ಕವಾಯತು, ಮೆಸ್ಸು ಎಲ್ಲದರ ಬೇರೂ ಅಲ್ಲಿದೆ. ಇಂಗ್ಲೆಂಡಿನಲ್ಲಿ 1967ರಲ್ಲೇ ಸಾಮಾನ್ಯ ಜನರ ಮಟ್ಟಿಗೆ ಗಂಡಸರ ನಡುವಿನ ಸಂಬಂಧ ಅಪರಾಧವಲ್ಲ ಅಂತ ಆಯಿತು. ಸೈನಿಕರ ಮೇಲಿನ ನಿಷೇಧ ಮಾತ್ರ 2000ದ ಜನವರಿ 12ರವರೆಗೂ ಉಳಿಯಿತು. ಮಿಲಿಟರಿ ಪೊಲೀಸರು ಪೆಟ್ಟಿಗೆ ತೆರೆದು ಖಾಸಗಿ ಕಾಗದ ಓದುತ್ತಿದ್ದರು. ಗಂಟೆಗಟ್ಟಲೆ ಕೂರಿಸಿ ಕೇಳಬಾರದ ಪ್ರಶ್ನೆ ಕೇಳುತ್ತಿದ್ದರು.

ಜೋ ಔಸಲಿಸ್ ಅಂತ ಒಬ್ಬ ನೌಕಾಪಡೆಯ ರೇಡಿಯೋ ಆಪರೇಟರ್. ಅರ್ಜೆಂಟೀನಾ ವಿರುದ್ಧ ನಡೆದ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿದ್ದವರು. ಹತ್ತಿರ ಹತ್ತಿರ 18 ವರ್ಷ ಸೇವೆ ಮಾಡಿದ್ದರು. 1993ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ದೀರ್ಘ ಸೇವೆ ಮತ್ತು ಸನ್ನಡತೆಗೆ ಕೊಟ್ಟಿದ್ದ ಪದಕವನ್ನು ಕತ್ತರಿ ತಂದು ಕೋಟಿನಿಂದ ಕತ್ತರಿಸಿ ಕಿತ್ತುಕೊಂಡರು ಅಂತ ಅವರೇ ಹೇಳಿದ್ದಾರೆ. ನಾವು ರಿಬ್ಬನ್ ಹೊಲಿಸುವಾಗ ದರ್ಜಿಯ ತಲೆ ಮೇಲೇ ನಿಂತಿರುತ್ತೇವೆ, ಒಂದು ನೂಲೂ ಆಚೀಚೆ ಆಗಬಾರದು ಅಂತ. ಆ ಜಾಗಕ್ಕೆ ಕತ್ತರಿ ಬಿದ್ದರೆ ಹೇಗಿರುತ್ತದೆ, ಯೋಚಿಸಿ. ಪದಕ ಅವರಿಗೆ ವಾಪಸ್ ಸಿಕ್ಕಿದ್ದು 2020ರಲ್ಲಿ.

ಇದು ತಾನಾಗಿ ಆಗಲಿಲ್ಲ. 1991ರಲ್ಲಿ ರಾಬರ್ಟ್ ಎಲಿ, ಇಲೇನ್ ಚೇಂಬರ್ಸ್ ಎಂಬ ಇಬ್ಬರು, ಸೇನೆಯ ಕೆಲಸ ಕಳೆದುಕೊಂಡವರೇ, ಸೇರಿ ಒಂದು ಸಣ್ಣ ಸಂಘ ಕಟ್ಟಿದರು. ಹೆಸರು 'ರ‍್ಯಾಂಕ್ ಔಟ್‌ಸೈಡರ್ಸ್'. ತನ್ನಂಥವನು ತಾನೊಬ್ಬನೇ ಅಂದುಕೊಂಡಿದ್ದವರು ಅಲ್ಲಿ ಒಬ್ಬರನ್ನೊಬ್ಬರು ಕಂಡರು. ನೌಕಾಪಡೆ, ವಾಯುಪಡೆಯಿಂದ ಹೊರಬಿದ್ದ ನಾಲ್ವರು ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋದರು. 1999ರ ಸೆಪ್ಟೆಂಬರ್‌ನಲ್ಲಿ ಗೆದ್ದರು. ನಾಲ್ಕೇ ತಿಂಗಳಲ್ಲಿ ನಿಷೇಧ ಎದ್ದುಹೋಯಿತು. ಆದರೆ ಹಳಬರ ನಷ್ಟ ಹಾಗೇ ಉಳಿದಿತ್ತು. 'ಫೈಟಿಂಗ್ ವಿತ್ ಪ್ರೈಡ್' ಎಂಬ ಇನ್ನೊಂದು ಸಂಸ್ಥೆ 2020ರಿಂದ ಅವರನ್ನು ಹುಡುಕಿ ಹುಡುಕಿ ಸೇರಿಸಿತು. 2023ರ ಜುಲೈ 19ರಂದು ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ವಜಾ ಆದವರಿಗೆ ತಲಾ 50,000 ಪೌಂಡ್ ಪರಿಹಾರ 2024ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಅಷ್ಟರಲ್ಲಿ ಎಷ್ಟೋ ಜನ ಕಣ್ಣು ಮುಚ್ಚಿದ್ದರು.

ಅಮೆರಿಕದ್ದು ಒಂದೇ ಮಾತು. ವಿಯೆಟ್ನಾಂನಲ್ಲಿ ಗಾಯಗೊಂಡು ಪದಕ ಪಡೆದಿದ್ದ ಲಿಯೊನಾರ್ಡ್ ಮ್ಯಾಟ್ಲೊವಿಚ್ 1975ರಲ್ಲಿ 'ನಾನು ಗೇ' ಅಂದರು, ವಾಯುಪಡೆ ಹೊರಹಾಕಿತು. 1988ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನಲ್ಲಿರುವ ಅವರ ಸಮಾಧಿಯ ಮೇಲೆ, ಇಬ್ಬರನ್ನು ಕೊಂದಿದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಗೆ ಹಾಕಿದರು ಎಂಬ ಅರ್ಥದ ಬರಹ ಇದೆ. ಆಮೇಲೆ ಇಂಥ ಎಷ್ಟೋ ಮಾಜಿ ಸೈನಿಕರು ಆ ಸಮಾಧಿಯ ಅಕ್ಕಪಕ್ಕದಲ್ಲೇ ತಮಗೂ ಜಾಗ ಕೊಂಡಿಟ್ಟರು. ಸತ್ತ ಮೇಲಾದರೂ ನಮ್ಮವರ ಜೊತೆ ಇರೋಣ ಅಂತ. ನನಗೆ ಕಾನೂನಿನ ಗೆಲುವುಗಳಿಗಿಂತ ಇದೇ ಜಾಸ್ತಿ ಕಾಡುತ್ತದೆ.

ಈಗ ನಮ್ಮ ದೇಶ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಹಲ್ಲು ಕಿತ್ತಿತು. ಆದರೆ ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಆರ್ಮಿ ಆಕ್ಟಿನ 46(ಎ) ಸೆಕ್ಷನ್ನಿನಲ್ಲಿ 'ಅಸಭ್ಯ, ಅಸ್ವಾಭಾವಿಕ' ನಡತೆಗೆ ಏಳು ವರ್ಷದವರೆಗೂ ಶಿಕ್ಷೆ ಇದೆ. ಸೇನೆಯೊಳಗೆ ಇದಕ್ಕೆ ಅವಕಾಶವಿಲ್ಲ ಅಂತ 2019ರ ಜನವರಿಯಲ್ಲಿ ಆಗಿನ ಮುಖ್ಯಸ್ಥ ಜನರಲ್ ರಾವತ್ ಹೇಳಿದರು. ನೌಕಾಪಡೆಯ ಸಾಬಿ ಗಿರಿ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಕ್ಕೆ 2017ರಲ್ಲಿ ಕೆಲಸ ಕಳೆದುಕೊಂಡರು. ಮೇಜರ್ ಜೆ. ಸುರೇಶ್ 2010ರಲ್ಲಿ ಸೇನೆ ಬಿಟ್ಟವರು, ತಾನು ಗೇ ಅಂತ ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಅಷ್ಟು ವರ್ಷ ಸುಮ್ನೆ ಇರಬೇಕಾಯಿತಲ್ಲ! ಸೇನೆಯ ಹೊರಗೆ ನೋಡಿದರೆ, ಇದೇ ಕರ್ನಾಟಕದಲ್ಲಿ 2021ರಿಂದ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇಕಡಾ 1ರಷ್ಟು ಮೀಸಲಾತಿ ಇದೆ.

ಕಾನೂನು ಬದಲಾಗಲಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆದರೆ ನಿವೃತ್ತರಾದ ನಮ್ಮ ಬಾಯಿ ಕಟ್ಟಿದವರು ಯಾರು? ನಮ್ಮ ಸಂಘಕ್ಕೆ ಬಂದವರನ್ನು ಮೊದಲು ಕೇಳುವುದೇನು? 'ಮನೆಯವರು ಬಂದಿಲ್ವಾ? ಮಕ್ಕಳೆಷ್ಟು?' ಇದಕ್ಕೆ ಉತ್ತರ ಇಲ್ಲದವನು ಎರಡನೇ ಸಲ ಬರುವುದಿಲ್ಲ. ಬರದಿದ್ದರೆ ನಷ್ಟ ಬರೀ ಒಂಟಿತನದ್ದಲ್ಲ. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಸೆಕ್ಯೂರಿಟಿ ಕೆಲಸ ಖಾಲಿಯಾದ ಸುದ್ದಿ ಒಬ್ಬರಿಂದೊಬ್ಬರ ಬಾಯಿಗೇ ಹರಡುವುದು. ಪಿಂಚಣಿ ನಿಂತರೆ ಯಾರ ಹತ್ತಿರ ಹೋಗಬೇಕು ಅನ್ನುವುದೂ ಇಲ್ಲೇ ತಿಳಿಯುವುದು.

ಇವತ್ತೇ ಆಗುವ ಕೆಲಸವೂ ಇದೆ. 2023ರ ಅಕ್ಟೋಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಹಾಗಾಗಿ ಸಂಗಾತಿಗೆ ಫ್ಯಾಮಿಲಿ ಪಿಂಚಣಿ ಸಿಗುವುದಿಲ್ಲ. ಆದರೆ ಸಂಗಾತಿಯ ಜೊತೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅವರನ್ನೇ ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿದೆ. ಬ್ಯಾಂಕಿನಲ್ಲಿ ಗೊಣಗಿದರೆ ಆ ಸುತ್ತೋಲೆ ತೋರಿಸಿ. ಸ್ವಂತ ದುಡಿಮೆಯ ಸೈಟು, ಮನೆ ಇದ್ದರೆ ಇಬ್ಬರು ಸಾಕ್ಷಿಗಳ ಮುಂದೆ ವಿಲ್ ಬರೆದಿಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ.

ಊಟ ಆದ ಮೇಲೆ ನಾನು ಪಕ್ಕದ ರೂಮಿನಲ್ಲಿ ಕೂತಿರುತ್ತೇನೆ. ಪಾಸ್‌ಬುಕ್, ಪಿಪಿಒ (ಪಿಂಚಣಿ ಆದೇಶದ ಪತ್ರ) ತಂದವರು ಬನ್ನಿ, ಫಾರಂ ತುಂಬಿಕೊಡುತ್ತೇನೆ. ಹೆಸರು ಹೇಳಿ ಸಾಕು, ಸಂಬಂಧ ಏನು ಅಂತ ನಾನು ಕೇಳುವುದಿಲ್ಲ.