ಅಸಿಂಕ್ರೋನಸ್ ಕೆಲಸಗಳಿಗೆ ಯಾವ ಹೊತ್ತಿನ ಮೌಲ್ಯ?

ಕೇಳುಗರಿಗೆ ನಮಸ್ಕಾರ. ಟೈಮರ್ ಮುಗಿದಾಗಲೋ ಸರ್ವರ್‌ನಿಂದ ಉತ್ತರ ಬಂದಾಗಲೋ ನಡೆಯಲೆಂದು ಪ್ರೋಗ್ರಾಮಿನ ಒಂದು ಕೆಲಸವನ್ನು ಮೊದಲೇ ಒಪ್ಪಿಸಿಟ್ಟು ಮುಂದೆ ಸಾಗುವ ಪದ್ಧತಿಯೇ ಅಸಿಂಕ್ರೋನಸ್ ಪ್ರೋಗ್ರಾಮಿಂಗ್. ಒಪ್ಪಿಸಿದ ಗಳಿಗೆಗೂ ಕೆಲಸ ನಡೆಯುವ ಗಳಿಗೆಗೂ ನಡುವೆ ವೇರಿಯೇಬಲ್‌ಗಳ ಮೌಲ್ಯ ಬದಲಾಗಿರಬಹುದು. ಆಗ ಕೆಲಸಕ್ಕೆ ಬೇಕಾದದ್ದು ಒಪ್ಪಿಸಿದಾಗಿನ ಮೌಲ್ಯವೋ ನಡೆಯುವಾಗಿನ ಮೌಲ್ಯವೋ ಎಂಬುದನ್ನು ಬರೆಯುವವರು ನಿರ್ಧರಿಸದಿದ್ದರೆ, ಭಾಷೆ ತನ್ನ ನಿಯಮದಂತೆ ಸದ್ದಿಲ್ಲದೆ ನಿರ್ಧರಿಸಿಬಿಡುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ‘ವಾರ್’ ಎಂದು ಘೋಷಿಸಿದ ವೇರಿಯೇಬಲ್ 0ಯಿಂದ 2ರವರೆಗೆ ಎಣಿಸುವ ಲೂಪಿನಲ್ಲಿ, ಪ್ರತಿ ಸುತ್ತಿನಲ್ಲೂ ಅದನ್ನು ತುಸು ತಡೆದು ಮುದ್ರಿಸುವಂತೆ ಟೈಮರ್ ಇಟ್ಟರೆ, ಮೂರು ಬಾರಿಯೂ 3 ಎಂದೇ ಬರುತ್ತದೆ. ಕ್ಲೋಷರ್, ಅಂದರೆ ಹೊರಗಿನ ವೇರಿಯೇಬಲ್‌ಗಳನ್ನು ಜೊತೆಗೊಯ್ಯುವ ಫಂಕ್ಷನ್, ಹಿಡಿದಿಟ್ಟುಕೊಳ್ಳುವುದು ಮೌಲ್ಯವನ್ನಲ್ಲ, ವೇರಿಯೇಬಲ್ಲನ್ನೇ. ಟೈಮರ್‌ನ ಸರದಿ ಬರುವಷ್ಟರಲ್ಲಿ ಲೂಪ್ ಮುಗಿದು ಅದರಲ್ಲಿ 3 ಕುಳಿತಿರುತ್ತದೆ. 2015ರ ಆವೃತ್ತಿಯಲ್ಲಿ ಬಂದ ‘ಲೆಟ್’ ಪ್ರತಿ ಸುತ್ತಿಗೂ ಬೇರೆ ವೇರಿಯೇಬಲ್ ಕೊಟ್ಟು ಇದನ್ನು ಸರಿಪಡಿಸಿತು. ಗೋ ಭಾಷೆಯೂ 2024ರಲ್ಲಿ, 1.22ನೆಯ ಆವೃತ್ತಿಯಲ್ಲಿ, ಅದೇ ದಾರಿ ಹಿಡಿಯಿತು. ಒಮ್ಮೆ ಮೌಲ್ಯ ಕೊಟ್ಟ ಮೇಲೆ ಬದಲಾಗದ ಸ್ಥಳೀಯ ವೇರಿಯೇಬಲ್‌ಗಳನ್ನು ಮಾತ್ರ ಲ್ಯಾಂಬ್ಡಾ ಎಂಬ ಹೆಸರಿಲ್ಲದ ಪುಟ್ಟ ಫಂಕ್ಷನ್ನಿನೊಳಗೆ ಬಳಸಗೊಡುವ ಜಾವಾದ ಬಿಗಿ ನಿಯಮ ಹಲವರಿಗೆ ಕಿರಿಕಿರಿಯೆನಿಸಿದರೂ, ನನಗೆ ಅದೇ ಹೆಚ್ಚು ಮೆಚ್ಚುಗೆ.

ಜಾಲಪುಟಗಳ ಪರದೆ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ತೊಡಕು ತಿರುವುಮುರುವಾಗುತ್ತದೆ. ಪ್ರತಿ ರೆಂಡರ್‌ಗೂ, ಅಂದರೆ ಪರದೆಯನ್ನು ಹೊಸದಾಗಿ ರೂಪಿಸುವ ಪ್ರತಿ ಸುತ್ತಿಗೂ, ತನ್ನದೇ ಸ್ಥಿತಿಯ ಮೌಲ್ಯ ಇರುವುದರಿಂದ, ಮೊದಲ ರೆಂಡರ್‌ನಲ್ಲಿ ಒಮ್ಮೆ ಮಾತ್ರ ಹೂಡಿದ ಟೈಮರ್ ಎಷ್ಟು ಹೊತ್ತು ಓಡಿದರೂ ಆ ಮೊದಲ ಮೌಲ್ಯವನ್ನೇ ನೋಡುತ್ತಿರುತ್ತದೆ. ಇಲ್ಲಿ ಇತ್ತೀಚಿನ ಮೌಲ್ಯ ಬೇಕಾದರೆ, ಎಲ್ಲ ರೆಂಡರ್‌ಗಳಿಗೂ ಒಂದೇ ಆಗಿ ಉಳಿಯುವ ‘ರೆಫ್’ ಎಂಬ ಡಬ್ಬಿಯಲ್ಲಿ ಅದನ್ನಿಟ್ಟು, ಕೆಲಸ ನಡೆಯುವ ಕ್ಷಣದಲ್ಲಿ ಅಲ್ಲಿಂದ ಓದಿಕೊಳ್ಳಬೇಕು.

ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಹಲವಿದ್ದಾಗ ಒಂದೇ ವೇರಿಯೇಬಲ್ಲನ್ನು ಹಂಚಿಕೊಂಡರೂ ಸಾಲದು. ಜಾವಾದಲ್ಲಿ ವೇರಿಯೇಬಲ್ಲಿಗೆ ‘ವೋಲಟೈಲ್’ ಎಂಬ ಗುರುತಾಗಲಿ, ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಲಾಕ್‌ನಂಥ ಏರ್ಪಾಡಾಗಲಿ ಇಲ್ಲದಿದ್ದರೆ, ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕಾಣುವ ಖಾತರಿಯಿಲ್ಲ.

ಥ್ರೆಡ್ ಒಂದೇ ಇದ್ದರೆ ಈ ಚಿಂತೆಯಿಲ್ಲವೆಂದು ನಂಬುವವರು ಫಲ ಬರುವವರೆಗೆ ಕಾಯಲು ಹೇಳುವ ‘ಅವೇಟ್’ ಇರುವ ಸಾಲನ್ನು ತುಸು ನಿಧಾನವಾಗಿ ಓದಬೇಕು. ‘ಮೊತ್ತ = ಮೊತ್ತ + ಅವೇಟ್‌ನ ಫಲ’ ಎಂಬಂಥ ಸಾಲಿನಲ್ಲಿ ಜಾವಾಸ್ಕ್ರಿಪ್ಟ್ ಕೂಡುವ ಚಿಹ್ನೆಯ ಎಡಗಡೆಯ ಮೊತ್ತವನ್ನು ಮೊದಲೇ ಓದಿಟ್ಟು ಆಮೇಲೆ ಕಾಯುತ್ತದೆ. ಆ ನಡುವೆ ಇನ್ನೊಂದು ಕೆಲಸ ಮೊತ್ತವನ್ನು ಹೆಚ್ಚಿಸಿದ್ದರೆ ಆ ಹೆಚ್ಚಳ ಅಳಿಸಿಹೋಗುತ್ತದೆ. ಮೊದಲು ಕಾದು ಫಲವನ್ನು ಬೇರೊಂದು ವೇರಿಯೇಬಲ್ಲಿಗೆ ತೆಗೆದುಕೊಂಡು, ಕೂಡುವುದನ್ನು ಮುಂದಿನ ಸಾಲಿನಲ್ಲಿ ಮಾಡಿದರೆ, ಓದುವುದಕ್ಕೂ ಬರೆಯುವುದಕ್ಕೂ ನಡುವೆ ಬೇರೆ ಕೆಲಸ ನುಸುಳಲು ಎಡೆಯಿರುವುದಿಲ್ಲ.