ಬಾಯಿ ಮುಚ್ಚಿ, ಕೈ ನೋಡಿ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಜಾಗ ಇದೆ. ಸ್ಲೈಡುಗಳು ಕಡಿಮೆ, ಮಾತು ಜಾಸ್ತಿ. ಈ ಜಾಸ್ತಿ ಮಾತಾಡುವ ಚಟದಿಂದ ನಾನು ಎರಡು ವರ್ಷ ಹೇಗೆಲ್ಲ ಮುಖಭಂಗ ಅನುಭವಿಸಿದೆ ಅನ್ನುವುದನ್ನೇ ಇವತ್ತು ಹೇಳಬೇಕು ಅಂದುಕೊಂಡು ಬಂದಿದ್ದೇನೆ.

ನಾನು ಇಂಟರಾಕ್ಷನ್ ಡಿಸೈನ್‌ನಲ್ಲಿ ಮಾಸ್ಟರ್ಸ್ ಓದಿದ್ದು ಸ್ವೀಡನ್ನಿನ ಉಮಿಯೋ ಅನ್ನುವ ಊರಿನಲ್ಲಿ. ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಹೋದರೆ ಆರು ಗಂಟೆ ದಾಟುತ್ತದೆ. ನದಿಯ ದಂಡೆಯಲ್ಲಿ ಡಿಸೈನ್ ಶಾಲೆ, 1989ರಲ್ಲಿ ಶುರುವಾದದ್ದು. ಊರಿನ ತುಂಬ ಬರ್ಚ್ ಮರಗಳು. 1888ರಲ್ಲಿ ಊರಿನ ಬಹುಪಾಲು ಸುಟ್ಟುಹೋಯಿತಂತೆ, ಆಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರದಿರಲಿ ಅಂತ ಅಗಲವಾದ ಬೀದಿಗಳನ್ನು ಮಾಡಿ ಈ ಮರಗಳನ್ನು ನೆಟ್ಟರು. ನಾನು ಮಾತ್ರ ಮೊದಲ ತಿಂಗಳು ಪೂರ್ತಿ ಅವನ್ನು ಸುಮ್ನೆ ಚಂದಕ್ಕೆ ನೆಟ್ಟಿದ್ದಾರೆ ಅಂದುಕೊಂಡಿದ್ದೆ.

ಇಂಟರಾಕ್ಷನ್ ಡಿಸೈನ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಆ ಊರಿನಲ್ಲಿ ಕಳೆದ ಮೊದಲ ರಾತ್ರಿಯ ಕಥೆ ಹೇಳುತ್ತೇನೆ. ಬಸ್ಸಿನಿಂದ ಇಳಿದು ಎರಡು ಸೂಟ್‌ಕೇಸ್ ಎಳೆದುಕೊಂಡು ರಸ್ತೆ ದಾಟಲು ನಿಂತಿದ್ದೆ. ಕಂಬದ ಮೇಲಿನ ಡಬ್ಬಿ ಟಕ್... ಟಕ್... ಟಕ್ ಅಂತ ನಿಧಾನವಾಗಿ ಬಡಿಯುತ್ತಿತ್ತು. ಇದ್ದಕ್ಕಿದ್ದಂತೆ ಟಕಟಕಟಕ ಅಂತ ಜೋರಾಯಿತು, ಪಕ್ಕದಲ್ಲಿ ಫೋನ್ ನೋಡುತ್ತಾ ನಿಂತಿದ್ದವರು ತಲೆ ಎತ್ತದೆಯೇ ನಡೆದುಬಿಟ್ಟರು. ಕೆಂಪು ಇದ್ದಾಗ ನಿಧಾನ, ಹಸಿರು ಬಂದಾಗ ಬೇಗ. ಡಬ್ಬಿಯ ಪಕ್ಕಕ್ಕೆ ಕೈ ಆಡಿಸಿದರೆ ಉಬ್ಬು ಗೆರೆಗಳು ಸಿಗುತ್ತವೆ, ಮುಂದಿರುವ ರಸ್ತೆ ಹೇಗಿದೆ ಅಂತ ಕಣ್ಣು ಕಾಣದವರು ಬೆರಳಿನಲ್ಲೇ ಓದಿಕೊಳ್ಳಬಹುದು. ಅದಕ್ಕೆ ಮ್ಯಾನ್ಯುಯಲ್ ಇಲ್ಲ, ಯಾರೂ ಹೇಳಿಕೊಡುವುದಿಲ್ಲ, ಆದರೂ ಹತ್ತು ಸೆಕೆಂಡಿನಲ್ಲಿ ನನಗೆ ಅರ್ಥವಾಗಿತ್ತು. ಒಂದು ವಸ್ತು ಮತ್ತು ಒಬ್ಬ ಮನುಷ್ಯನ ನಡುವೆ ಹೀಗೆ ನಡೆಯುವ ಕೊಡು-ಕೊಳ್ಳುವಿಕೆಯನ್ನು ರೂಪಿಸುವುದೇ ನಮ್ಮ ಕೆಲಸ.

ಇಂಟರಾಕ್ಷನ್ ಡಿಸೈನ್ ಅನ್ನುವ ಈ ಹೆಸರನ್ನು 1980ರ ದಶಕದಲ್ಲಿ ಇಟ್ಟವರು ಇಬ್ಬರು ಡಿಸೈನರುಗಳು, ಬಿಲ್ ಮಾಗ್ರಿಡ್ಜ್ ಮತ್ತು ಬಿಲ್ ವರ್‌ಪ್ಲ್ಯಾಂಕ್. ಮಾಗ್ರಿಡ್ಜ್ 1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಾಸ್ ಅನ್ನುವ ಲ್ಯಾಪ್‌ಟಾಪ್‌ನ ಹೊರಮೈಯನ್ನು ವಿನ್ಯಾಸ ಮಾಡಿದವರು, ಮಡಚುವ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಮೊದಲಿನದು. ಅಷ್ಟು ಕಷ್ಟಪಟ್ಟು ಮಾಡಿದ ಪೆಟ್ಟಿಗೆಯನ್ನು ತಾವೇ ಬಳಸಲು ಕೂತಾಗ ಅವರಿಗೆ ಗೊತ್ತಾಯಿತು, ಕೆಲವೇ ನಿಮಿಷಗಳಲ್ಲಿ ಪೆಟ್ಟಿಗೆ ಮರೆತೇಹೋಗುತ್ತದೆ, ಮನಸ್ಸೆಲ್ಲ ಪರದೆಯ ಒಳಗೆ ನಡೆಯುವುದರಲ್ಲಿ ಮುಳುಗುತ್ತದೆ. ಹಾಗಾದರೆ ಒಳಗಿನದನ್ನೂ ಯಾರಾದರೂ ರೂಪಿಸಬೇಕಲ್ವಾ?

ಸರಿ, ನನ್ನ ಕಥೆಗೆ ಬರುತ್ತೇನೆ.

ನಾನಿದ್ದ ವಿದ್ಯಾರ್ಥಿಗಳ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು, ಎಲ್ಲರಿಗೂ ಸೇರಿ ಒಂದೇ. ಬಾಗಿಲ ಪಕ್ಕದಲ್ಲಿ ಒಂದು ಹಲಗೆ, ಅದರಲ್ಲಿ ತಿಂಗಳ ದಿನಗಳು ಮತ್ತು ಸಮಯಗಳ ಪ್ರಕಾರ ಸಾಲುಸಾಲಾಗಿ ತೂತುಗಳು. ಪ್ರತಿ ಮನೆಗೂ ಬೆರಳುದ್ದದ ಒಂದು ಬೀಗದ ಸಿಲಿಂಡರ್ ಕೊಟ್ಟಿರುತ್ತಾರೆ, ಅದರ ಮೇಲೆ ಮನೆಯ ನಂಬರ್. ನಿಮಗೆ ಗುರುವಾರ ಸಂಜೆ ಬೇಕಾ, ಆ ತೂತಿಗೆ ಸಿಲಿಂಡರ್ ತೂರಿಸಿ ಕೀಲಿ ತಿರುಗಿಸಿ. ಮುಗಿಯಿತು, ಆ ಹೊತ್ತು ನಿಮ್ಮದು.

ನನಗೆ ಇದು ಓಬೀರಾಯನ ಕಾಲದ ವ್ಯವಸ್ಥೆ ಅನ್ನಿಸಿತು. ಮೊದಲ ಪ್ರಾಜೆಕ್ಟಿಗೆ ಇದಕ್ಕೊಂದು ಆ್ಯಪ್ ಮಾಡಿದೆ. ಕ್ಯಾಲೆಂಡರ್, ನೋಟಿಫಿಕೇಶನ್, ಸ್ಲಾಟ್ ಅದಲುಬದಲು, ಬಣ್ಣ ಬಣ್ಣದ ಗ್ರಾಫ್, ಏನಿರಲಿಲ್ಲ ಹೇಳಿ. ಕ್ರಿಟ್ ದಿನ, ಅಂದರೆ ನಿಮ್ಮ ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರ ಮುಂದೆ ನಿಲ್ಲುವ ದಿನ, ಹತ್ತು ನಿಮಿಷ ಬಿಡದೆ ವಿವರಿಸಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಒಬ್ಬನೇ ನಾಲ್ಕು ಸ್ಲಾಟ್ ಹಿಡಿದಿಟ್ಟುಕೊಂಡರೆ?" ಅದಕ್ಕೊಂದು ನಿಯಮ ಸೇರಿಸುತ್ತೇನೆ ಅಂದೆ. "ಹಲಗೆಯಲ್ಲಿ ಆ ನಿಯಮ ಎಲ್ಲಿ ಬರೆದಿದೆ?" ಅಂದರು.

ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ, ಯಾಕಂದರೆ ಒಂದು ಮನೆಗೆ ಒಂದೇ ಸಿಲಿಂಡರ್, ಅದನ್ನು ಒಂದು ಹೊತ್ತಿಗೆ ಒಂದೇ ತೂತಿನಲ್ಲಿ ಹಾಕಬಹುದು, ಮತ್ತು ಯಾರು ಯಾವಾಗ ಬರುತ್ತಾರೆ ಅನ್ನುವುದು ಎಲ್ಲರಿಗೂ ಕಣ್ಣೆದುರೇ ಇರುತ್ತದೆ. ನಾನು ಐದು ವಾರ ಕೂತು ಇದನ್ನೆಲ್ಲ ಕಿತ್ತುಹಾಕಿ ಅದರ ಜಾಗಕ್ಕೆ ಪಾಸ್‌ವರ್ಡ್ ತಂದಿದ್ದೆ. ನಾಚಿಕೆಯಾಯಿತು. ವಾರಕ್ಕೊಮ್ಮೆ ಆ ಹಲಗೆಯ ಮುಂದೆ ನಿಲ್ಲುತ್ತಿದ್ದೆನಲ್ಲ, ಅಲ್ಲಿಗೆ ಬರುವವರು ಏನು ಮಾಡುತ್ತಾರೆ ಅಂತ ಒಂದು ಸಲವೂ ನೋಡಿರಲಿಲ್ಲ.

ಡಿಸೆಂಬರ್ ಬಂತು. ಆ ಊರಿನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಹಗಲು ಅಂದರೆ ಸುಮಾರು ನಾಲ್ಕೂವರೆ ಗಂಟೆ. ಬೆಳಿಗ್ಗೆ ಸ್ಟುಡಿಯೋಗೆ ಹೋಗುವಾಗ ಕತ್ತಲು, ಮಧ್ಯಾಹ್ನದ ಊಟ ಮುಗಿಸಿ ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು. ನಿದ್ದೆ ಕೆಡುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತದೆ. ಅಲ್ಲಿಗೆ ಓದಲು ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಬೆಳಕಿರುವಷ್ಟು ಹೊತ್ತು ಕೆಲಸ ಬಿಟ್ಟು ಹೊರಗೆ ನಡೆಯಿರಿ. ಜೂನ್‌ನಲ್ಲಿ ಇದಕ್ಕೆ ಪೂರ್ತಿ ತಿರುಗಾಮುರುಗಾ, ಕತ್ತಲು ಅನ್ನುವುದೇ ಇರುವುದಿಲ್ಲ, ಆಗ ಬೇರೆ ಥರದ ಹುಚ್ಚು.

ಎರಡನೇ ಪ್ರಾಜೆಕ್ಟ್ ಆ ಕತ್ತಲಲ್ಲೇ ನಡೆಯಿತು. ನಾವು ನಾಲ್ಕು ಜನ, ನಾಲ್ಕು ದೇಶದವರು. ಬಸ್ ಟಿಕೆಟ್ ಯಂತ್ರವೊಂದರ ಪರದೆಗಳನ್ನು ಕಾಗದದಲ್ಲಿ ಬರೆದುಕೊಂಡು, ಊರಿನ ಲೈಬ್ರರಿಯಲ್ಲಿ ಮೇಜು ಹಾಕಿ ಹಿರಿಯರನ್ನು ಕೂರಿಸಿ ಟೆಸ್ಟ್ ಮಾಡುತ್ತಿದ್ದೆವು. ಅವರು ಬೆರಳಿನಲ್ಲಿ ಕಾಗದ ಒತ್ತುತ್ತಾರೆ, ನಮ್ಮಲ್ಲೊಬ್ಬರು ಕಂಪ್ಯೂಟರ್ ಥರ ನಟಿಸುತ್ತಾ ಮುಂದಿನ ಕಾಗದ ಇಡುತ್ತಾರೆ. ನೋಟ್ಸ್ ಬರೆಯುವುದು ನನ್ನ ಕೆಲಸ. ನನಗೆ ಸ್ವೀಡಿಷ್ ಬರುತ್ತಿದ್ದುದು ನಮಸ್ಕಾರ, ಧನ್ಯವಾದ, ಕ್ಷಮಿಸಿ, ಇಷ್ಟೇ.

ಒಬ್ಬ ಅಜ್ಜಿ ಹೆಚ್ಚುಕಡಿಮೆ ಪ್ರತಿ ಪರದೆಗೂ "ಶೂಪ್" ಅಂತ ಉಸಿರು ಒಳಗೆ ಎಳೆದುಕೊಳ್ಳುತ್ತಿದ್ದರು. ಬಿಸಿ ಪಾತ್ರೆ ಮುಟ್ಟಿದವರು ಮಾಡುತ್ತಾರಲ್ಲ, ಹಾಗೆ. ನಾನು "ಗಾಬರಿ" ಅಂತ ಬರೆದೆ. ಮುಂದಿನ ಅಜ್ಜನೂ ಅದೇ ಸದ್ದು. ಮತ್ತೆ "ಗಾಬರಿ". ಸಂಜೆ ಲೆಕ್ಕ ಹಾಕಿದರೆ ಹನ್ನೊಂದು ಗಾಬರಿ! ನಮ್ಮ ಡಿಸೈನ್ ಜನರನ್ನು ಹೆದರಿಸುತ್ತಿದೆ ಅಂದುಕೊಂಡು ಎರಡು ರಾತ್ರಿ ಕೂತು ಎಲ್ಲ ಪರದೆ ಬದಲಾಯಿಸಿದೆವು. ಬಣ್ಣ ತಿಳಿ ಮಾಡಿದೆವು, ಅಕ್ಷರ ದಪ್ಪ ಮಾಡಿದೆವು, ಪ್ರತಿ ಹೆಜ್ಜೆಗೂ ಒಂದು ಸಮಾಧಾನದ ಮಾತು ಸೇರಿಸಿದೆವು. ಮೂರನೇ ದಿನ ಪಕ್ಕದ ಗುಂಪಿನ ಸ್ವೀಡಿಷ್ ಹುಡುಗಿ ನಮ್ಮ ವಿಡಿಯೋ ನೋಡಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಉತ್ತರ ಸ್ವೀಡನ್ನಿನಲ್ಲಿ "ಹೌದು" ಅನ್ನುವುದೇ ಹಾಗಂತೆ, ಉಸಿರು ಒಳಗೆ ಎಳೆದುಕೊಂಡು. ಆ ಅಜ್ಜಿ ಅಷ್ಟು ಹೊತ್ತೂ ಹೂಂ, ಹೂಂ, ಗೊತ್ತಾಯ್ತು, ಮುಂದೆ ಹೋಗು ಅನ್ನುತ್ತಿದ್ದರು.

ನಕ್ಕುಬಿಡಿ, ಪರವಾಗಿಲ್ಲ. ಆದರೆ ಆಮೇಲೆ ಅದೇ ವಿಡಿಯೋವನ್ನು ಸದ್ದು ಆಫ್ ಮಾಡಿ ನೋಡಿದೆವು. ಅಜ್ಜಿಯ ಬೆರಳು ಎಲ್ಲೂ ನಿಂತೇ ಇರಲಿಲ್ಲ. ಒಂದೇ ಓಟದಲ್ಲಿ ಮೊದಲಿಂದ ಕೊನೆಯವರೆಗೆ ಹೋಗಿತ್ತು. ನಿಂತದ್ದು ಒಂದೇ ಕಡೆ, ಹಣ ಕೊಡುವ ಪರದೆಯಲ್ಲಿ, ಬೆರಳು ಗಾಳಿಯಲ್ಲೇ ಮೂರು ಸೆಕೆಂಡು ತೂಗಾಡಿತು, ಆಗ ಅವರ ಬಾಯಿಂದ ಸದ್ದೇ ಬಂದಿರಲಿಲ್ಲ. ನಿಜವಾದ ತೊಂದರೆ ಅಲ್ಲಿತ್ತು. ನನ್ನ ನೋಟ್ಸಿನಲ್ಲಿ ಅದರ ಸುದ್ದಿಯೇ ಇಲ್ಲ. ಅವತ್ತಿನಿಂದ ನಾನು ಟೆಸ್ಟ್ ಮಾಡುವಾಗ ಮೊದಲು ನೋಡುವುದು ಕೈಯನ್ನು. ಭಾಷೆ ಬರದೇ ಇದ್ದದ್ದು ಆಮೇಲೆ ಉಪಕಾರವೇ ಆಯಿತು, ಯಾಕಂದರೆ ಮಧ್ಯೆ ಬಾಯಿ ಹಾಕಿ "ಅಲ್ಲ ಅಲ್ಲ, ಇಲ್ಲಿ ಒತ್ತಿ" ಅಂತ ಹೇಳಿಕೊಡಲು ನನಗೆ ಆಗುತ್ತಲೇ ಇರಲಿಲ್ಲ. ಹೇಳಿಕೊಟ್ಟ ಕ್ಷಣ ಟೆಸ್ಟ್ ಸತ್ತಂತೆ.

ಕಾಗದ, ರಟ್ಟು ಅಂದ ತಕ್ಷಣ ಮಕ್ಕಳಾಟ ಅಂದುಕೊಳ್ಳಬೇಡಿ. ಇದಕ್ಕೆ ಆ ಕಡೆ ಒಳ್ಳೆ ಇತಿಹಾಸ ಇದೆ. ಸ್ವೀಡನ್ನಿನಲ್ಲಿ 1976ರಲ್ಲಿ ಒಂದು ಕಾನೂನು ಬಂತು, ಕೆಲಸದ ಜಾಗದಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು ಮಾಲೀಕರು ಕಾರ್ಮಿಕ ಸಂಘದ ಜೊತೆ ಮಾತಾಡಲೇಬೇಕು ಅಂತ. ಅದೇ ಹೊತ್ತಿಗೆ ಪತ್ರಿಕೆಗಳ ಅಚ್ಚುಮನೆಗಳಿಗೆ ಕಂಪ್ಯೂಟರ್ ಬರುತ್ತಿತ್ತು. ಮಾತಾಡುವ ಹಕ್ಕು ಸಿಕ್ಕಿತು, ಆದರೆ ಇನ್ನೂ ಕಣ್ಣಿಗೇ ಕಾಣದ ಯಂತ್ರದ ಬಗ್ಗೆ ಅಚ್ಚುಮೊಳೆ ಜೋಡಿಸುವವನು ಏನಂತ ಮಾತಾಡಬೇಕು? 1981ರಲ್ಲಿ ಶುರುವಾದ ಯುಟೋಪಿಯಾ ಅನ್ನುವ ಪ್ರಾಜೆಕ್ಟಿನಲ್ಲಿ ಪೆಲ್ಲೆ ಏನ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಇದಕ್ಕೊಂದು ದಾರಿ ಹುಡುಕಿದರು. ಖಾಲಿ ರಟ್ಟಿನ ಡಬ್ಬಿ ತಂದು ಅದರ ಮೇಲೆ "ಲೇಸರ್ ಪ್ರಿಂಟರ್" ಅಂತ ಬರೆದು ಇಟ್ಟರು. ಕಾರ್ಮಿಕರು ಆ ಡಬ್ಬಿಗಳ ನಡುವೆ ತಮ್ಮ ಕೆಲಸವನ್ನು ಮಾಡಿ ತೋರಿಸಿದರು, ಮಾಡುತ್ತಾ ಮಾಡುತ್ತಾ ಎಲ್ಲಿ ಏನು ಬೇಕು ಅಂತ ಹೇಳಿದರು. ರಟ್ಟಿನ ಒಂದು ಗುಣ ನೋಡಿ, ಅದನ್ನು ಹರಿದುಹಾಕಲು ಯಾರಿಗೂ ಸಂಕೋಚ ಆಗುವುದಿಲ್ಲ. ಹೊಳೆಯುವ ಪರದೆ ತೋರಿಸಿದರೆ ಜನ ಮರ್ಯಾದೆಗೆ "ಚೆನ್ನಾಗಿದೆ" ಅಂದುಬಿಡುತ್ತಾರೆ.

ಇಟಲಿಯ ಇವ್ರಿಯಾದಲ್ಲಿ ನಮ್ಮ ವಿಷಯಕ್ಕೇ ಅಂತ ಒಂದು ಸಂಸ್ಥೆ ಕೆಲವು ವರ್ಷ ಮಾತ್ರ ಇತ್ತು. ಇವತ್ತು ಎಲ್ಲರ ಡ್ರಾಯರಿನಲ್ಲಿರುವ ಆರ್ಡುಯಿನೋ, ಅಂದರೆ ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಸರ್ಕ್ಯೂಟ್ ಬೋರ್ಡ್, 2005ರಲ್ಲಿ ಹುಟ್ಟಿದ್ದು ಅಲ್ಲೇ, ಹೆಸರು ಬಂದದ್ದು ಅಲ್ಲಿನ ಒಂದು ಬಾರಿನಿಂದ. ಎಂಜಿನಿಯರ್ ಅಲ್ಲದ ವಿದ್ಯಾರ್ಥಿಗಳೂ ಸೆನ್ಸರ್ ಹಚ್ಚಿ ದೀಪ ಉರಿಸಲಿ ಅನ್ನುವುದು ಉದ್ದೇಶ. ನಾನೂ ಎಂಜಿನಿಯರ್ ಅಲ್ಲ, ಎರಡು ಬೋರ್ಡ್ ಸುಟ್ಟಿದ್ದೇನೆ.

ಇನ್ನು ದುಡ್ಡಿನ ಪ್ರಶ್ನೆ, ಆಮೇಲೆ ಹೇಗೂ ಕೇಳುತ್ತೀರಿ. ಯುರೋಪಿನ ಒಕ್ಕೂಟ ಮತ್ತು ಅದರ ಜೊತೆ ಒಪ್ಪಂದವಿರುವ ಕೆಲವು ದೇಶಗಳನ್ನು ಬಿಟ್ಟು ಹೊರಗಿನಿಂದ ಬಂದವರಿಗೆ ಸ್ವೀಡನ್ 2011ರಿಂದ ಫೀ ಹಾಕುತ್ತಿದೆ, ಅದು ಚಿಕ್ಕ ಮೊತ್ತ ಅಲ್ಲ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ಎರಡು ಸಲ ಯೋಚಿಸಿ. ಅರ್ಜಿಯ ಜೊತೆ ಕಳಿಸುವ ಪೋರ್ಟ್‌ಫೋಲಿಯೋದಲ್ಲಿ, ಅಂದರೆ ನಿಮ್ಮ ಕೆಲಸಗಳ ಸಂಗ್ರಹದಲ್ಲಿ, ಮುಗಿದ ಚಂದದ ಚಿತ್ರಗಳ ಜೊತೆಗೆ ಕೆಟ್ಟ ಸ್ಕೆಚ್ಚುಗಳನ್ನೂ ಹಾಕಿ, ನೀವು ಹೇಗೆ ಮನಸ್ಸು ಬದಲಾಯಿಸಿದಿರಿ ಅನ್ನುವುದು ಕಾಣಬೇಕು. ಇಷ್ಟು ಸಾಕು, ಉಳಿದದ್ದು ಟೀ ಹೊತ್ತಿಗೆ.

ನನಗೆ ತುಂಬ ಇಷ್ಟವಾದ ಪ್ರಾಜೆಕ್ಟ್ ಕೊನೆಯದು. ಉಮಿಯೋ ಸುತ್ತಮುತ್ತ ಕಾಡೇ ಕಾಡು. ಅಲ್ಲಿ ಮರ ಕಡಿಯಲು ಹಾರ್ವೆಸ್ಟರ್ ಅನ್ನುವ ದೊಡ್ಡ ಯಂತ್ರ ಇರುತ್ತದೆ. ಮರವನ್ನು ಬುಡದಲ್ಲಿ ಹಿಡಿದು, ಕೊಯ್ದು, ಕೊಂಬೆ ಸವರಿ, ಅಳತೆ ಪ್ರಕಾರ ತುಂಡು ಮಾಡಿ ಹಾಕುತ್ತದೆ. ಡ್ರೈವರ್ ಇದನ್ನೆಲ್ಲ ಮಾಡುವುದು ಎರಡು ಕೈಯ ಎರಡು ಜಾಯ್‌ಸ್ಟಿಕ್‌ಗಳಿಂದ, ಅವುಗಳ ತುಂಬ ಗುಂಡಿಗಳು. ಇಷ್ಟೊಂದು ಗುಂಡಿ ಯಾಕೆ, ಒಂದು ಟಚ್ ಸ್ಕ್ರೀನ್ ಇಡೋಣ ಅಂತ ನಾವು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆವು. ಹಲಗೆಯ ಪಾಠ ಅಷ್ಟು ಬೇಗ ಮರೆತಿತ್ತು ನೋಡಿ.

ಡ್ರೈವರ್ ಐವತ್ತು ದಾಟಿದವರು, ಮಾತು ಕಡಿಮೆ. ಕೊಂಬೆ ಸವರಲು ಯಾವ ಗುಂಡಿ ಅಂತ ಕೇಳಿದೆ. ಅವರಿಗೆ ಹೇಳಲು ಆಗಲಿಲ್ಲ. ಮುಖ ಮೇಲೆತ್ತಿ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸಿ ನೋಡಿಕೊಂಡು, ಆಮೇಲೆ "ಇದು" ಅಂತ ಹೆಬ್ಬೆರಳು ತೋರಿಸಿದರು. ದಿನಾ ಸಾವಿರ ಸಲ ಮಾಡುವ ಕೆಲಸ ಅವರ ತಲೆಯಲ್ಲಿ ಇರಲಿಲ್ಲ, ಬೆರಳಲ್ಲಿತ್ತು. ನಮ್ಮ ಟಚ್ ಸ್ಕ್ರೀನ್ ಚಿತ್ರ ತೋರಿಸಿದಾಗ ಏನೂ ಹೇಳಲಿಲ್ಲ, ಕ್ಯಾಬಿನ್ನಿನ ಪಕ್ಕದ ಸೀಟಿಗೆ ನನ್ನನ್ನು ಹತ್ತಿಸಿಕೊಂಡು ಬಂಡೆ, ಬೇರುಗಳ ಮೇಲೆ ಹತ್ತು ನಿಮಿಷ ಓಡಿಸಿದರು. ನಾನು ಮೊಬೈಲ್ ತೆಗೆದು ಒಂದು ಐಕಾನ್ ಒತ್ತಲು ನೋಡಿದೆ. ಮೂರು ಸಲವೂ ಬೇರೆ ಯಾವುದೋ ಆ್ಯಪ್ ತೆರೆಯಿತು.

ಸ್ಟುಡಿಯೋಗೆ ಬಂದು ರಟ್ಟಿನಲ್ಲಿ ಅಷ್ಟೇ ದೊಡ್ಡ ಕ್ಯಾಬಿನ್ ಕಟ್ಟಿದೆವು. ಹಳೆ ಆಫೀಸ್ ಕುರ್ಚಿ, ಪೊರಕೆ ಕಡ್ಡಿಯ ಜಾಯ್‌ಸ್ಟಿಕ್, ಬಾಟಲಿ ಮುಚ್ಚಳದ ಗುಂಡಿಗಳು. ಗುಂಡಿ ಕಡಿಮೆ ಮಾಡುವ ಯೋಚನೆ ಬಿಟ್ಟು, ಕಣ್ಣು ಮರದ ಮೇಲಿರುವಾಗಲೇ ಯಾವ ಗುಂಡಿ ಅಂತ ಬೆರಳಿಗೆ ಗೊತ್ತಾಗುವ ಹಾಗೆ ಒಂದೊಂದಕ್ಕೂ ಬೇರೆ ಬೇರೆ ಆಕಾರ ಕೊಟ್ಟೆವು. ರಸ್ತೆ ದಾಟುವ ಡಬ್ಬಿಯ ಉಬ್ಬು ಗೆರೆ ನೆನಪಿದೆಯಲ್ಲ, ಅಲ್ಲಿಂದ ಕದ್ದದ್ದು.

ವರ್ಷದ ಕೊನೆಯ ಪ್ರದರ್ಶನಕ್ಕೆ ಆ ಡ್ರೈವರನ್ನೂ ಕರೆದಿದ್ದೆವು. ಒಗೆದ ಶರ್ಟ್ ಹಾಕಿಕೊಂಡು ಬಂದರು. ನಾನು ವಿವರಿಸಲು ಬಾಯಿ ತೆರೆದವನು ತಕ್ಷಣ ಮುಚ್ಚಿಕೊಂಡೆ. ಅವರು ಕುರ್ಚಿಯಲ್ಲಿ ಕೂತು, ಎರಡೂ ಕೈ ಇಟ್ಟು, ಎದುರಿನ ಖಾಲಿ ಗೋಡೆ ನೋಡುತ್ತಾ ಒಂದು ಮರ ಕಡಿದರು. ಎರಡನೇ ಮರಕ್ಕೆ ಎಡಗೈ ಹೆಬ್ಬೆರಳು ಒಂದು ಗುಂಡಿ ಹುಡುಕಿತು, ನಾವು ಇಟ್ಟ ಜಾಗಕ್ಕಿಂತ ಎರಡು ಬೆರಳು ಕೆಳಗೆ. ಮೂರನೇ ಮರಕ್ಕೂ ಅಲ್ಲೇ. ನನ್ನ ಜೊತೆಗಾತಿ ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೊಂದು ಗುರುತು ಹಾಕಿದಳು. ಅವರು ಅದನ್ನು ನೋಡಿ, ಶೂಪ್ ಅಂದರು.

ಈಗ ನಿಮ್ಮ ಪ್ರಶ್ನೆಗಳು. ಮೈಕ್ ಆ ಕಡೆ ಕೊಡಿ.